ಪಂಪ್ ಹೊಡೆದರೂ ಮರಳದ ಗಾಳಿ: ಬನಹಟ್ಟಿಯ ಒಂದು ಉಬ್ಬಸದ ಪ್ರಕರಣ

ಉಬ್ಬಸ ಬಂದು ಹೋಗುವ ಕಾಯಿಲೆ ಅಂತಲೇ ನಮ್ಮ ಕಡೆ ಎಲ್ಲರ ನಂಬಿಕೆ. ಬಂದಾಗ ಜೀವ ಹಿಂಡುತ್ತದೆ. ಹೋದ ಮೇಲೆ ಏನೂ ಆಗಿರಲೇ ಇಲ್ಲ ಅನಿಸುತ್ತದೆ. ವೈದ್ಯರೂ ಬಹಳ ಕಾಲ ಹೀಗೇ ಕಲಿತರು: ಶ್ವಾಸನಾಳ ಬಿಗಿಯಾಗುತ್ತದೆ, ಔಷಧಿ ಕೊಟ್ಟರೆ ಸಡಿಲಾಗುತ್ತದೆ, ಮುಗೀತು. ಈ ಪ್ರಕರಣದಲ್ಲಿ ಅದು ಪೂರ್ತಿ ಸಡಿಲಾಗಲಿಲ್ಲ. ಯಾಕೆ ಆಗಲಿಲ್ಲ ಅನ್ನುವುದನ್ನೇ ಇಲ್ಲಿ ಬಿಡಿಸಿ ನೋಡುತ್ತೇನೆ.

ರೋಗಿಗೆ 43 ವರ್ಷ. ಬಾಗಲಕೋಟೆ ಜಿಲ್ಲೆಯ ಬನಹಟ್ಟಿಯವರು. ಗುರುತು ಸಿಗಬಾರದು ಅಂತ ಕೆಲವು ವಿವರ ಬದಲಿಸಿದ್ದೇನೆ. ಮನೆಯಲ್ಲೇ ಎರಡು ಪವರ್‌ಲೂಮ್. ಗಂಡ ಮಗ್ಗ ನೋಡಿಕೊಳ್ಳುತ್ತಾರೆ, ಇವರು ಕಂಡಿಕೆ ಸುತ್ತುತ್ತಾರೆ. ಚಿಕ್ಕವರಿದ್ದಾಗಿನಿಂದ ಬೆಳಗ್ಗೆ ಎದ್ದ ಕೂಡಲೇ ಸೀನು, ಮೂಗು ತುರಿಕೆ. ಎರಡನೇ ಹೆರಿಗೆ ಆದ ಮೇಲೆ, ಅಂದರೆ 24ನೇ ವಯಸ್ಸಿನಲ್ಲಿ, ಎದೆಯಲ್ಲಿ ಸುಂಯ್ ಸುಂಯ್ ಶುರುವಾಯಿತು. ಮಳೆಗಾಲದಲ್ಲಿ ಜಾಸ್ತಿ, ಬೇಸಿಗೆಯಲ್ಲಿ ಕಡಿಮೆ. ಜಾಸ್ತಿಯಾದಾಗ ಹತ್ತಿರದ ದವಾಖಾನೆಯಲ್ಲಿ ಒಂದು ಇಂಜೆಕ್ಷನ್, ನಾಲ್ಕು ದಿನದ ಗುಳಿಗೆ. ಆಮೇಲೆ ಯಾರೋ ಒಬ್ಬರು ನೀಲಿ ಪಂಪ್ ಬರೆದುಕೊಟ್ಟರು. ಅಲ್ಲಿಂದ ಮುಂದೆ ಚೀಟಿಯೂ ಬೇಕಾಗಲಿಲ್ಲ, ಮೆಡಿಕಲ್ ಅಂಗಡಿಯಲ್ಲಿ ಕೇಳಿದರೆ ಕೊಡುತ್ತಿದ್ದರು.

ನಮ್ಮಲ್ಲಿಗೆ ಬಂದಾಗ ಆಕೆಗೆ ತಿಂಗಳಿಗೆ ಒಂದು ಪಂಪ್ ಬೇಕಾಗುತ್ತಿತ್ತು. ಒಂದು ಡಬ್ಬಿಯಲ್ಲಿ 200 ಸಲ ಹೊಡೆಯುವಷ್ಟು ಸಾಲ್ಬುಟಮಾಲ್, ಅಂದರೆ ನಾಳ ಸಡಿಲಿಸುವ ಔಷಧಿ, ಇರುತ್ತದೆ. ವರ್ಷಕ್ಕೆ ಇಂಥ ಮೂರು ಡಬ್ಬಿ ಮುಟ್ಟಿದರೆ ತೀವ್ರ ದಾಳಿಯ ಅಪಾಯ ಹೆಚ್ಚು, ಹನ್ನೆರಡು ಮುಟ್ಟಿದರೆ ಸಾವಿನ ಅಪಾಯವೂ ಹೆಚ್ಚು ಎಂದು ಜಾಗತಿಕ ಅಸ್ತಮಾ ಮಾರ್ಗಸೂಚಿ ಎಚ್ಚರಿಸುತ್ತದೆ. ಆಕೆಗೆ ಇದು ಅಪಾಯ ಅನಿಸಿರಲೇ ಇಲ್ಲ. "ಪಂಪ್ ಹೊಡ್ಕೊಂಡ್ರ ಆರಾಮ ಆಗ್ತೈತ್ರಿ ಡಾಕ್ಟರ್ರ. ಈಗ ಮಾಳಗಿ ಹತ್ತಾಕ ಆಗವಲ್ದು, ಅಷ್ಟ" ಅಂದರು. ಆ "ಅಷ್ಟ" ಅನ್ನುವುದರಲ್ಲೇ ವಿಷಯ ಇತ್ತು. ದಾಳಿ ಇಲ್ಲದ ದಿನವೂ ಮೆಟ್ಟಿಲು ಹತ್ತಲಾಗುತ್ತಿಲ್ಲ. ಬಂದು ಹೋಗುವ ಕಾಯಿಲೆ ಈಗ ಬಂದು ಉಳಿದಿದೆ.

ಸ್ಪೈರೋಮೆಟ್ರಿ ಮಾಡಿದೆವು. ಗಟ್ಟಿಯಾಗಿ ಊದಿದಾಗ ಮೊದಲ ಒಂದು ಸೆಕೆಂಡಿನಲ್ಲಿ ಎಷ್ಟು ಗಾಳಿ ಹೊರಬರುತ್ತದೆ ಅನ್ನುವುದು ಇದರಲ್ಲಿ ಮುಖ್ಯ ಅಳತೆ. ಆಕೆಯ ವಯಸ್ಸು, ಎತ್ತರಕ್ಕೆ ಸುಮಾರು 2.1 ಲೀಟರ್ ಬರಬೇಕು. ಬಂದದ್ದು 1.18 ಲೀಟರ್. ಪಂಪ್ ಕೊಟ್ಟು ಕಾಲು ಗಂಟೆ ಬಿಟ್ಟು ಮತ್ತೆ ಊದಿಸಿದೆವು: 1.42. ಅಂದರೆ 240 ಮಿಲಿಲೀಟರ್ ಏರಿಕೆ, ನೂರಕ್ಕೆ 20ರಷ್ಟು. ನೂರಕ್ಕೆ 12 ಮತ್ತು 200 ಮಿಲಿಲೀಟರ್ ಎರಡನ್ನೂ ದಾಟಿದರೆ ನಾಳ ಸಡಿಲಾಗುತ್ತಿದೆ ಎಂದು ಲೆಕ್ಕ. ಹಾಗಾಗಿ ಅಸ್ತಮಾಗೆ ಇದು ಹೊಂದುತ್ತದೆ. ಆದರೆ 1.42 ಎಲ್ಲಿ, 2.1 ಎಲ್ಲಿ? ಸ್ನಾಯು ಸಡಿಲಿಸುವ ಔಷಧಿ ತನ್ನ ಕೆಲಸ ಮಾಡಿದ ಮೇಲೂ ಮೂರನೇ ಒಂದು ಭಾಗ ಗಾಳಿ ಕಾಣೆಯಾಗಿತ್ತು.

ಬೇರೆ ಕಾಯಿಲೆ ಇರಬಹುದೇ?

ಹೀಗೆ ಪೂರ್ತಿ ಮರಳದ ನಾಳ ಕಂಡಾಗ ಮೊದಲು ಅನುಮಾನಿಸಬೇಕಾದದ್ದು ಬೇರೆಯೇ. ಟಿಬಿ ಇಲ್ಲ ಎಂದು ಕಫ ಪರೀಕ್ಷೆಯಲ್ಲಿ ಖಚಿತವಾಯಿತು. ಹೃದಯ ಸರಿಯಿತ್ತು.

ಮುಂದಿನದು ಒಲೆ. ಮದುವೆಯಾಗಿ ಬಂದ ಮೇಲೆ ಹಲವು ವರ್ಷ ಆಕೆ ಹತ್ತಿಕಟ್ಟಿಗೆ, ಜಾಲಿ ಕಟ್ಟಿಗೆ ಹಚ್ಚಿ ರೊಟ್ಟಿ ಬಡಿದವರು. ಬೀಡಿ ಮುಟ್ಟದ ಹೆಂಗಸರಿಗೆ ನಮ್ಮ ಕಡೆ ಸಿಒಪಿಡಿ, ಅಂದರೆ ಶ್ವಾಸನಾಳ ಕಾಯಂ ಆಗಿ ಕಿರಿದಾಗುವ ಕಾಯಿಲೆ, ಬರುವುದು ಬಹುತೇಕ ಈ ಹೊಗೆಯಿಂದಲೇ. ಅದಕ್ಕೆ ಸಿ.ಟಿ. ಸ್ಕ್ಯಾನ್ ಮಾಡಿಸಿದೆವು. ಬೆಳಗಾವಿಗೆ ಕಳಿಸಿ, ಶ್ವಾಸಕೋಶದಿಂದ ರಕ್ತಕ್ಕೆ ಅನಿಲ ಎಷ್ಟು ದಾಟುತ್ತದೆ ಅನ್ನುವ ಪರೀಕ್ಷೆಯನ್ನೂ ಮಾಡಿಸಿದೆವು. ಗಾಳಿಚೀಲಗಳು ಒಡೆದಿರಲಿಲ್ಲ, ಅನಿಲ ದಾಟುವುದೂ ಸರಿಯಿತ್ತು. ಸ್ಕ್ಯಾನ್‌ನಲ್ಲಿ ಕಂಡದ್ದು ಒಂದೇ: ಶ್ವಾಸನಾಳಗಳ ಗೋಡೆ ಎಲ್ಲ ಕಡೆ ದಪ್ಪ, ಕೆಲವು ಸಣ್ಣ ಕವಲುಗಳಲ್ಲಿ ಕಫದ ಬೆಣೆ. ಹೊಗೆಯ ಪಾಲು ಸೊನ್ನೆ ಅಂತ ನಾನು ಹೇಳುವುದಿಲ್ಲ. ಮುಖ್ಯ ಕಾರಣ ಅದಲ್ಲ ಅನ್ನುವುದಂತೂ ಸ್ಪಷ್ಟವಾಯಿತು.

ಮನೆಯವರ ಅನುಮಾನ ಪೂರ್ತಿ ಮಗ್ಗದ ಮೇಲಿತ್ತು. ಹತ್ತಿಯ ಧೂಳಿನಿಂದ ಬರುವ ಬಿಸಿನೋಸಿಸ್ ಎಂಬ ಕಾಯಿಲೆ ಇರುವುದು ನಿಜ. ಅದರ ಗುರುತು ವಿಚಿತ್ರ. ವಾರದ ರಜೆ ಮುಗಿಸಿ ಕೆಲಸಕ್ಕೆ ಬಂದ ಮೊದಲ ದಿನ ಎದೆ ಹಿಡಿಯುತ್ತದೆ, ವಾರ ಕಳೆದಂತೆ ಕಡಿಮೆಯಾಗುತ್ತದೆ. ಅದೂ ಹತ್ತಿ ಬಿಡಿಸುವ, ಹಿಂಜುವ, ನೂಲುವ ಕಡೆ ಹೆಚ್ಚು. ನೇಯುವ ಕಡೆ ಕಡಿಮೆ. ಈಕೆಗೆ ಹಾಗಿರಲಿಲ್ಲ. ಮಗ್ಗ ನಿಂತ ದಿನವೂ ಉಬ್ಬಸ ಇತ್ತು. ಜಮಖಂಡಿಯ ತವರಿಗೆ ಹೋಗಿ ವಾರಗಟ್ಟಲೆ ಇದ್ದರೂ ಇತ್ತು. ಜೋರಾಗುತ್ತಿದ್ದದ್ದು ರಾತ್ರಿ ಎರಡು ಮೂರು ಗಂಟೆಗೆ, ಮಲಗಿದಲ್ಲಿ.

ಚರ್ಮದ ಅಲರ್ಜಿ ಪರೀಕ್ಷೆಯಲ್ಲಿ ಮನೆಧೂಳಿನ ನುಸಿಗೆ ದೊಡ್ಡ ಬೊಕ್ಕೆ ಎದ್ದಿತು, ಜಿರಳೆಗೆ ಸಣ್ಣದು. ಕಾಂಗ್ರೆಸ್ ಕಸಕ್ಕೆ ಏನೂ ಇಲ್ಲ. 1950ರ ದಶಕದಲ್ಲಿ ಪುಣೆಯಲ್ಲಿ ಮೊದಲು ಗುರುತಿಸಿದ ಆ ಗಿಡಕ್ಕೆ ನಮ್ಮ ಜನ ಎಲ್ಲ ಕೆಮ್ಮನ್ನೂ ಕಟ್ಟುತ್ತಾರೆ. ಚರ್ಮದ ತುರಿಕೆ, ಮೂಗಿನ ಅಲರ್ಜಿಗೆ ಅದು ಕಾರಣವಾಗುವುದು ಹೌದು, ಆದರೆ ಈ ಕೇಸಿನಲ್ಲಿ ಅದು ನಿರಪರಾಧಿ. ರಕ್ತದಲ್ಲಿ ಇಯೊಸಿನೊಫಿಲ್ ಎಂಬ, ಅಲರ್ಜಿಯಲ್ಲಿ ಹೆಚ್ಚುವ ಬಿಳಿ ಕಣಗಳು ಮೈಕ್ರೋಲೀಟರಿಗೆ 610 ಇದ್ದವು, ಅಲರ್ಜಿಯ ಪ್ರತಿಕಾಯವಾದ ಐಜಿಇ ಕೂಡ ಜಾಸ್ತಿ ಇತ್ತು. ಆಸ್ಪರ್ಜಿಲ್ಲಸ್ ಬೂಷ್ಟಿನ ಅಲರ್ಜಿ ಇಲ್ಲ ಎಂದು ಬೇರೆ ಪರೀಕ್ಷೆ ಹೇಳಿತು. ನಮ್ಮ ದೇಶದಲ್ಲಿ ಹಟ ಹಿಡಿದ ಅಸ್ತಮಾ ಕಂಡರೆ ಅದನ್ನು ನೋಡದೆ ಬಿಡಬಾರದು.

ಒಟ್ಟಿನಲ್ಲಿ ಇದು ಅಲರ್ಜಿಯ ಅಸ್ತಮಾ, 19 ವರ್ಷ ಹಳೆಯದು. ಅಷ್ಟು ವರ್ಷದಲ್ಲಿ ನಾಳದ ಗೋಡೆಯೇ ಬದಲಾಗಿದೆ. ಈಕೆಯ ನಾಳದ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನಾವು ನೋಡಿಲ್ಲ, ಅದರ ಅಗತ್ಯವೂ ಇರಲಿಲ್ಲ. ಸ್ಕ್ಯಾನ್ ಮತ್ತು ಊದುವ ಪರೀಕ್ಷೆ ಸೇರಿ ಸಾಕಷ್ಟು ಹೇಳಿದ್ದವು. ಗೋಡೆಯೊಳಗೆ ಏನಾಗಿರುತ್ತದೆ ಅನ್ನುವುದು ಇಂಥ ಬೇರೆ ರೋಗಿಗಳ ತುಣುಕುಗಳಿಂದ, ಉಬ್ಬಸದಲ್ಲೇ ತೀರಿಕೊಂಡವರ ಶವಪರೀಕ್ಷೆಗಳಿಂದ ಬಂದ ತಿಳಿವಳಿಕೆ. ಅದೇನೂ ಹೊಸದಲ್ಲ. 1922ರಲ್ಲೇ ಅಮೆರಿಕದ ಹ್ಯೂಬರ್ ಮತ್ತು ಕೆಸ್ಲರ್ ಎಂಬ ವೈದ್ಯರು ಉಬ್ಬಸದಿಂದ ಸತ್ತವರ ನಾಳಗಳನ್ನು ಅಳೆದು, ಗೋಡೆ ದಪ್ಪವಾಗಿದೆ, ಸ್ನಾಯು ಹೆಚ್ಚಾಗಿದೆ ಎಂದು ಬರೆದಿದ್ದರು. ಆಮೇಲೆ ದಶಕಗಟ್ಟಲೆ ಎಲ್ಲರ ಗಮನ ನಾಳವನ್ನು ಸಡಿಲಿಸುವ ಔಷಧಿಗಳ ಕಡೆಗೇ ಹೋಯಿತು.

ಗೋಡೆಯೊಳಗೆ

ಗಂಟಲಿನಿಂದ ಇಳಿಯುವ ಶ್ವಾಸನಾಳ ಎರಡಾಗಿ, ಮತ್ತೆ ಎರಡೆರಡಾಗಿ ಸುಮಾರು 23 ಸಲ ಕವಲೊಡೆಯುತ್ತದೆ. ಪ್ರತಿ ಕವಲಿನ ಒಳಮೈಗೆ ಒಂದು ಪದರ ಜೀವಕೋಶ. ಅವುಗಳಲ್ಲಿ ಕೆಲವಕ್ಕೆ ಸಣ್ಣ ರೋಮಗಳಿವೆ. ಧೂಳು, ಕಫವನ್ನು ಮೇಲಕ್ಕೆ ತಳ್ಳುವುದು ಅವುಗಳ ಕೆಲಸ. ನಡುನಡುವೆ ಲೋಳೆ ತಯಾರಿಸುವ ಕೋಶಗಳು. ಈ ಪದರದ ಕೆಳಗೆ ಒಂದು ತೆಳು ಪೊರೆ. ಅದರ ಕೆಳಗೆ ರಕ್ತನಾಳ, ಗ್ರಂಥಿಗಳಿರುವ ಮೆತ್ತನೆ ಭಾಗ. ಅದನ್ನು ಸುತ್ತುವರಿದು ಸ್ನಾಯು.

ನುಸಿ ಕಣ್ಣಿಗೆ ಕಾಣುವುದಿಲ್ಲ, ಮಿಲಿಮೀಟರಿನ ಮೂರನೇ ಒಂದು ಭಾಗದಷ್ಟಿರುತ್ತದೆ. ನಮ್ಮ ಮೈಯಿಂದ ಉದುರುವ ಚರ್ಮದ ಹೊಟ್ಟೇ ಅದರ ಊಟ. ಕಚ್ಚುವುದಿಲ್ಲ. ತೊಂದರೆ ಕೊಡುವುದು ಅದರ ಹಿಕ್ಕೆಯಲ್ಲಿರುವ ಪ್ರೋಟೀನು. ಅವುಗಳಲ್ಲಿ ಮುಖ್ಯವಾದದ್ದು ಒಂದು ಕಿಣ್ವ. ಬೇರೆ ಪ್ರೋಟೀನುಗಳನ್ನು ಕತ್ತರಿಸುವುದೇ ಅದರ ಸ್ವಭಾವ. ಉಸಿರಿನೊಂದಿಗೆ ಒಳಹೋದಾಗ ನಾಳದ ಒಳಮೈ ಕೋಶಗಳನ್ನು ಒಂದಕ್ಕೊಂದು ಹಿಡಿದಿಟ್ಟ ಬೆಸುಗೆಯನ್ನೇ ಅದು ಬಿಡಿಸುತ್ತದೆ. ಪೆಟ್ಟು ತಿಂದ ಕೋಶಗಳು ಟಿಎಸ್‌ಎಲ್‌ಪಿ, ಐಎಲ್-33, ಐಎಲ್-25 ಎಂಬ ಎಚ್ಚರಿಕೆಯ ರಾಸಾಯನಿಕ ಬಿಡುತ್ತವೆ. ಅದಕ್ಕೆ ಓಗೊಟ್ಟು ಬರುವ ರೋಗನಿರೋಧಕ ಕೋಶಗಳು ಐಎಲ್-4, ಐಎಲ್-5, ಐಎಲ್-13 ಸುರಿಸುತ್ತವೆ. ಹೆಸರು ನೆನಪಿಡಬೇಕಿಲ್ಲ, ಕೆಲಸ ತಿಳಿದರೆ ಸಾಕು. ಐಎಲ್-5 ಇಯೊಸಿನೊಫಿಲ್‌ಗಳನ್ನು ಬೆಳೆಸಿ ಉಳಿಸುತ್ತದೆ. ಐಎಲ್-4 ಐಜಿಇ ತಯಾರಿಗೆ ಹಚ್ಚುತ್ತದೆ. ಐಎಲ್-13 ಲೋಳೆ ಕೋಶಗಳನ್ನು ಹೆಚ್ಚಿಸುತ್ತದೆ.

ಐಜಿಇ ಹೋಗಿ ಮಾಸ್ಟ್ ಕೋಶಗಳ, ಅಂದರೆ ಅಲರ್ಜಿಯ ರಾಸಾಯನಿಕ ತುಂಬಿಕೊಂಡ ಕೋಶಗಳ, ಮೈಗೆ ಅಂಟಿಕೊಂಡು ಕಾಯುತ್ತದೆ. ಮತ್ತೆ ನುಸಿಯ ಪ್ರೋಟೀನು ಬಂದಾಗ ಕೆಲವೇ ನಿಮಿಷದಲ್ಲಿ ಹಿಸ್ಟಮಿನ್, ಲ್ಯೂಕೋಟ್ರೈನ್ ಹೊರಬಿದ್ದು ಸ್ನಾಯು ಬಿಗಿಯುತ್ತದೆ. ರೋಗಿಗೆ ಗೊತ್ತಾಗುವುದು ಇಷ್ಟೇ. ನೀಲಿ ಪಂಪ್ ಬಿಡಿಸುವುದೂ ಇಷ್ಟನ್ನೇ. ಆದರೆ ಕೆಲವು ಗಂಟೆ ಬಿಟ್ಟು ಎರಡನೇ ಸುತ್ತು ಬರುತ್ತದೆ. ಇಯೊಸಿನೊಫಿಲ್‌ಗಳು ಗುಂಪಾಗಿ ಗೋಡೆಯೊಳಗೆ ಇಳಿಯುತ್ತವೆ. ಅವು ಬಿಡುವ ಪ್ರೋಟೀನುಗಳು ಒಳಮೈ ಕೋಶಗಳಿಗೇ ವಿಷ. ಪದರ ಅಲ್ಲಲ್ಲಿ ಕಿತ್ತುಬರುತ್ತದೆ. ಉಬ್ಬಸದವರ ಕಫದಲ್ಲಿ ಕಿತ್ತ ಕೋಶಗಳ ಗೊಂಚಲು ಸಿಗುವುದು ಇದರಿಂದಲೇ.

ಕಿತ್ತದ್ದನ್ನು ಮೈ ಸುಮ್ನೆ ಬಿಡುವುದಿಲ್ಲ, ದುರಸ್ತಿಗೆ ಇಳಿಯುತ್ತದೆ. ಇಯೊಸಿನೊಫಿಲ್‌ಗಳಿಂದ, ಒಳಮೈ ಕೋಶಗಳಿಂದ ಟಿಜಿಎಫ್-ಬೀಟಾ ಎಂಬ ವಸ್ತು ಹೊರಡುತ್ತದೆ. ಪೊರೆಯ ಕೆಳಗಿನ ನಾರುಕೋಶಗಳಿಗೆ ಅದು ಕೊಲಾಜನ್ ಎಂಬ ಗಟ್ಟಿ ನಾರು ಹಾಕಿ ಅನ್ನುವ ಆದೇಶ. ಗಾಯ ಒಮ್ಮೆ ಆಗಿ ಮಾಯ್ದರೆ ಇದು ಒಳ್ಳೆಯದೇ. ಆದರೆ ನುಸಿ ದಿನಾ ಬರುತ್ತದೆ. ಗಾಯ ಮಾಯುವ ಮೊದಲೇ ಮತ್ತೊಂದು ಗಾಯ. ಹರಿದಲ್ಲೆಲ್ಲ ತೇಪೆ ಹಚ್ಚಿ ಹಚ್ಚಿ ಹೊಲಿದ ಕೌದಿಯ ಹಾಗೆ ಗೋಡೆ ದಪ್ಪವಾಗುತ್ತದೆ, ಪೆಡಸಾಗುತ್ತದೆ. ಆರೋಗ್ಯವಂತರಲ್ಲಿ ಪೊರೆಯ ಕೆಳಗಿನ ಈ ಕೊಲಾಜನ್ ಪಟ್ಟಿ ಸುಮಾರು 4–5 ಮೈಕ್ರಾನ್ ಇರುತ್ತದೆ (ಸಾವಿರ ಮೈಕ್ರಾನ್ ಸೇರಿದರೆ ಒಂದು ಮಿಲಿಮೀಟರ್). ಅಸ್ತಮಾದವರಲ್ಲಿ ಅದರ ದುಪ್ಪಟ್ಟು, ಕೆಲವರಲ್ಲಿ ಇನ್ನೂ ಜಾಸ್ತಿ.

ಲೋಳೆ ಕೋಶಗಳು ಹೆಚ್ಚಾಗುತ್ತವೆ, ಗ್ರಂಥಿಗಳು ಉಬ್ಬುತ್ತವೆ, ಕಫ ಅಂಟಾಗುತ್ತದೆ. ರೋಮದ ಕೋಶಗಳು ಕಿತ್ತುಹೋದ ಕಡೆ ಅದನ್ನು ಮೇಲಕ್ಕೆ ತಳ್ಳುವವರಿಲ್ಲ. ಹಾಗಾಗಿ ಸಣ್ಣ ಕವಲುಗಳಲ್ಲಿ ಬೆಣೆ ಜಡಿದು ಕೂರುತ್ತದೆ. ಈಕೆಯ ಸ್ಕ್ಯಾನ್‌ನಲ್ಲಿ ಕಂಡದ್ದು ಅದೇ. ಗೋಡೆಯಲ್ಲಿ ಹೊಸ ರಕ್ತನಾಳಗಳು ಹುಟ್ಟುತ್ತವೆ. ಅವು ಸೋರುವ ನಾಳಗಳು, ಅದರಿಂದ ಬಾವು ಇನ್ನಷ್ಟು.

ಎಲ್ಲಕ್ಕಿಂತ ತೂಕದ್ದು ಸ್ನಾಯು. ಕೋಶಗಳ ಸಂಖ್ಯೆಯೂ ಹೆಚ್ಚುತ್ತದೆ, ಒಂದೊಂದು ಕೋಶವೂ ದಪ್ಪವಾಗುತ್ತದೆ. ಕಾಯಿಲೆ ತೀವ್ರವಾದಷ್ಟೂ ಸ್ನಾಯು ಜಾಸ್ತಿ. ಅಸ್ತಮಾದವರಲ್ಲಿ ಮಾಸ್ಟ್ ಕೋಶಗಳು ಈ ಸ್ನಾಯುವಿನೊಳಗೇ ಮನೆ ಮಾಡುತ್ತವೆ ಎಂದು 2002ರಲ್ಲಿ ಇಂಗ್ಲೆಂಡಿನ ಸಂಶೋಧಕರು ತೋರಿಸಿದರು. ಬಿಗಿಸುವ ರಾಸಾಯನಿಕ ಬಿಗಿಯುವ ಸ್ನಾಯುವಿನ ಪಕ್ಕದಲ್ಲೇ ಕೂತಿರುತ್ತದೆ, ಲೆಕ್ಕ ಹಾಕಿ.

ಪಾವು ದಪ್ಪಕ್ಕೆ ಸೇರು ತೊಂದರೆ

ಕೆಲವು ಮೈಕ್ರಾನ್ ದಪ್ಪವಾದರೆ ಏನಾಯಿತು ಮಹಾ, ಅನಿಸಬಹುದು. ಆಕೆಯ ಗಂಡ ಕೇಳಿದ್ದೂ ಇದನ್ನೇ. ಮಗ್ಗದವರಿಗೆ ಅಳತೆ ಹೇಳಿದರೆ ಬೇಗ ತಿಳಿಯುತ್ತದೆ ಅಂತ ಅವರ ಮುಂದೆಯೇ ಒಂದು ಲೆಕ್ಕ ಬರೆದೆ. ಸ್ವಲ್ಪ ತಾಳ್ಮೆಯಿಂದ ನೋಡಿ.

ಒಂದು ಸಣ್ಣ ನಾಳ. ಸ್ನಾಯುವಿನ ಉಂಗುರದ ತ್ರಿಜ್ಯ 1 ಮಿಲಿಮೀಟರ್ ಅಂದುಕೊಳ್ಳಿ. ಅದರೊಳಗಿನ ಗೋಡೆ 0.1 ಮಿಲಿಮೀಟರ್ ಇದ್ದರೆ ಗಾಳಿಗೆ ಉಳಿಯುವ ದಾರಿಯ ತ್ರಿಜ್ಯ 0.9. ಇನ್ನೊಂದು ನಾಳ. ಸ್ನಾಯು ಅಷ್ಟೇ, ಗೋಡೆ ಮಾತ್ರ 0.2. ದಾರಿ 0.8. ಗಾಳಿಗೆ ಆಗುವ ತಡೆ ತ್ರಿಜ್ಯದ ನಾಲ್ಕನೇ ಘಾತಕ್ಕೆ ತಿರುವುಮುರುವಾಗಿ ಬದಲಾಗುತ್ತದೆ, ಅಂದರೆ ತ್ರಿಜ್ಯ ಅರ್ಧವಾದರೆ ತಡೆ 16 ಪಟ್ಟು. ಈ ಲೆಕ್ಕದಲ್ಲಿ ಎರಡನೇ ನಾಳದಲ್ಲಿ ತಡೆ ಮೊದಲನೆಯದರ 1.6 ಪಟ್ಟು. ಸುಮ್ಮನೆ ಕೂತಾಗ ಇಷ್ಟು ಗೊತ್ತಾಗುವುದಿಲ್ಲ.

ಈಗ ಎರಡರಲ್ಲೂ ಸ್ನಾಯು ಒಂದೇ ಸಮ ಬಿಗಿಯಲಿ, ಉಂಗುರದ ತ್ರಿಜ್ಯ 1ರಿಂದ 0.7ಕ್ಕೆ ಇಳಿಯಲಿ. ಒಳಗಿನ ಗೋಡೆ ಎಲ್ಲೂ ಮಾಯವಾಗುವುದಿಲ್ಲ, ಅಷ್ಟೇ ಮಾಂಸ ಇಕ್ಕಟ್ಟಿನಲ್ಲಿ ಒಳಮುಖವಾಗಿ ಉಬ್ಬುತ್ತದೆ. ತೆಳು ಗೋಡೆಯ ನಾಳದಲ್ಲಿ ದಾರಿ ಸುಮಾರು 0.55ಕ್ಕೆ ಇಳಿಯುತ್ತದೆ. ದಪ್ಪ ಗೋಡೆಯದರಲ್ಲಿ 0.36ಕ್ಕೆ. ಎರಡರ ನಡುವಿನ ತಡೆಯ ವ್ಯತ್ಯಾಸ ಈಗ 1.6 ಪಟ್ಟಲ್ಲ, 5 ಪಟ್ಟಿಗೂ ಮೇಲೆ. ಸ್ನಾಯು ಬಿಗಿದದ್ದು ಇಬ್ಬರಿಗೂ ಅಷ್ಟೇ. ಒಬ್ಬರಿಗೆ ಕೆಮ್ಮು, ಇನ್ನೊಬ್ಬರಿಗೆ ಆಂಬುಲೆನ್ಸ್.

ಗಂಡ ಆ ಕಾಗದ ಮಡಚಿ ಅಂಗಿ ಜೇಬಿಗೆ ಹಾಕಿಕೊಂಡರು. "ಹಂಗಾದ್ರ ಪಂಪ್ ಬಿಗಿತ ಅಷ್ಟ ಬಿಡಸ್ತೈತಿ, ದಪ್ಪ ಹಂಗ ಉಳಿತೈತಿ ಅಂದಂಗ ಆತಲ್ರಿ" ಅಂದರು. ಇದಕ್ಕಿಂತ ಚೆನ್ನಾಗಿ ನನಗೂ ಹೇಳಲು ಬರುತ್ತಿರಲಿಲ್ಲ.

ಬಾವೋ, ಬಿಗಿತವೋ

ಗೋಡೆ ದಪ್ಪವಾಗುವುದು ಅಲರ್ಜಿಯ ಬಾವಿನಿಂದ ಅಂತ ಮೇಲೆ ಹೇಳಿದೆ. ಅದು ಅರ್ಧ ಕಥೆ. 2011ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್‌ನ ತಂಡವೊಂದು ಜಾಣತನದ ಒಂದು ಪ್ರಯೋಗ ಪ್ರಕಟಿಸಿತು. ಸೌಮ್ಯ ಅಸ್ತಮಾ ಇರುವ 48 ಜನ ಸ್ವಯಂಸೇವಕರು. ಒಂದು ಗುಂಪಿಗೆ ನುಸಿಯ ಪ್ರೋಟೀನು ಉಸಿರಾಡಿಸಿದರು. ಇನ್ನೊಂದಕ್ಕೆ ಮೆಥಕೋಲಿನ್. ಅದು ಅಲರ್ಜಿ ಎಬ್ಬಿಸುವುದಿಲ್ಲ, ಸುಮ್ನೆ ಸ್ನಾಯು ಬಿಗಿಸುತ್ತದೆ. ಮೂರನೆಯದಕ್ಕೆ ಬರೀ ಉಪ್ಪುನೀರು. ನಾಲ್ಕನೆಯದಕ್ಕೆ ಮೊದಲು ಸಾಲ್ಬುಟಮಾಲ್ ಕೊಟ್ಟು ಆಮೇಲೆ ಮೆಥಕೋಲಿನ್, ಅಂದರೆ ಬಿಗಿತವೂ ಆಗದ ಹಾಗೆ. ಮೊದಲೂ ಕೊನೆಗೂ ನಾಳದ ತುಣುಕು ತೆಗೆದು ನೋಡಿದರು. ನುಸಿಯ ಗುಂಪಿನಲ್ಲಿ ಕೊಲಾಜನ್ ಪಟ್ಟಿ ದಪ್ಪವಾಗಿತ್ತು. ಅದು ನಿರೀಕ್ಷಿತ. ಆದರೆ ಬರೀ ಬಿಗಿತ ಕಂಡ ಮೆಥಕೋಲಿನ್ ಗುಂಪಿನಲ್ಲೂ ಅಷ್ಟೇ ದಪ್ಪವಾಗಿತ್ತು, ಇಯೊಸಿನೊಫಿಲ್ ಹೆಚ್ಚಾಗದೆಯೂ! ಉಳಿದ ಎರಡು ಗುಂಪಿನಲ್ಲಿ ಏನೂ ಆಗಿರಲಿಲ್ಲ.

ಹಿಂಡುವುದೇ ಒಂದು ಪೆಟ್ಟು ಅಂತ ಇದರ ಅರ್ಥ. ಬಿಗಿದಾಗ ಒಳಮೈ ಪದರ ಮಡಿಕೆ ಬಿದ್ದು ಜಜ್ಜಿಹೋಗುತ್ತದೆ, ಆ ಕೋಶಗಳು ಮತ್ತೆ ಅದೇ ದುರಸ್ತಿಯ ಆದೇಶ ಕಳಿಸುತ್ತವೆ. ನಮ್ಮ ರೋಗಿಯ ದಿನಚರಿ ನೋಡಿ. ಉಬ್ಬಸ ಬಂದ ಮೇಲೆ ಪಂಪ್. ಅಷ್ಟರೊಳಗೆ ಹಿಂಡುವುದು ಆಗಿರುತ್ತದೆ. ಪಂಪ್ ಬಾವಿನ ತಂಟೆಗೆ ಹೋಗುವುದೇ ಇಲ್ಲ. ಹಗಲು ಬಾವಿನಿಂದ, ರಾತ್ರಿ ಬಿಗಿತದಿಂದ, ಎರಡೂ ಕಡೆ ಗೋಡೆ ಪೆಟ್ಟು ತಿನ್ನುತ್ತಿತ್ತು. ಆಕೆಗೆ ಮಾತ್ರ "ಆರಾಮ".

ಈ ನಷ್ಟ ವರ್ಷಗಳಲ್ಲಿ ಹೇಗೆ ಕೂಡುತ್ತದೆ ಅನ್ನುವುದಕ್ಕೆ ಡೆನ್ಮಾರ್ಕಿನ ಕೋಪನ್‌ಹೇಗನ್ ನಗರದ ಅಧ್ಯಯನ ಒಳ್ಳೆಯ ಅಂದಾಜು ಕೊಡುತ್ತದೆ. 17 ಸಾವಿರಕ್ಕೂ ಹೆಚ್ಚು ಜನರನ್ನು 15 ವರ್ಷ ಅಳೆದು 1998ರಲ್ಲಿ ಬರೆದದ್ದು. ವಯಸ್ಸಾದಂತೆ ಎಲ್ಲರ ಊದುವ ಗಾಳಿಯೂ ಇಳಿಯುತ್ತದೆ. ಅಸ್ತಮಾ ಇಲ್ಲದವರಲ್ಲಿ ವರ್ಷಕ್ಕೆ 22 ಮಿಲಿಲೀಟರ್, ಅಸ್ತಮಾ ಇರುವವರಲ್ಲಿ 38. ವ್ಯತ್ಯಾಸ ಬರೀ 16. ಆದರೆ 19 ವರ್ಷಕ್ಕೆ ಗುಣಿಸಿದರೆ 300 ದಾಟುತ್ತದೆ. ಇದು ಸರಾಸರಿ, ತೀವ್ರ ದಾಳಿಗಳು ಮೇಲಿಂದ ಮೇಲೆ ಆದವರಲ್ಲಿ ಇಳಿತ ಇದಕ್ಕಿಂತ ಜೋರಾಗಿರುತ್ತದೆ.

ಚಿಕಿತ್ಸೆ

ನೀಲಿ ಪಂಪ್ ತೆಗೆದಿಡಿಸಿದೆವು. ಅದರ ಜಾಗಕ್ಕೆ ಬುಡೆಸೊನೈಡ್ ಮತ್ತು ಫಾರ್ಮೊಟೆರಾಲ್ ಎರಡೂ ಇರುವ ಇನ್ಹೇಲರ್. ಬೆಳಗ್ಗೆ ಸಂಜೆ ದಿನಾ, ಉಬ್ಬಸ ಎದ್ದರೆ ಅದನ್ನೇ ಮತ್ತೆ. ಮೊದಲನೆಯದು ಸ್ಟೀರಾಯ್ಡ್, ಬಾವಿಗೆ. ಎರಡನೆಯದು ಬಿಗಿತಕ್ಕೆ. ಹಾಗಾಗಿ ಪ್ರತಿ ಸಲ ಉಪಶಮನಕ್ಕೆ ಎಳೆದುಕೊಂಡಾಗಲೂ ಸ್ಟೀರಾಯ್ಡ್ ಒಳಹೋಗುತ್ತದೆ. ಬರೀ ಸಾಲ್ಬುಟಮಾಲ್ ಮೇಲೆ ಯಾವ ಅಸ್ತಮಾ ರೋಗಿಯನ್ನೂ ಬಿಡಬೇಡಿ ಎಂದು ಜಾಗತಿಕ ಮಾರ್ಗಸೂಚಿ ಬದಲಾದದ್ದು 2019ರಲ್ಲಿ. ಆ ಸುದ್ದಿ ನಮ್ಮ ಮೆಡಿಕಲ್ ಅಂಗಡಿಗಳ ಕೌಂಟರ್‌ವರೆಗೆ ಇನ್ನೂ ಬಂದಿಲ್ಲ ಅನ್ನುವುದು ನನ್ನ ಸಿಟ್ಟು. ಮೂಗಿಗೂ ಸ್ಪ್ರೇ ಕೊಟ್ಟೆವು. ಮೂಗು ಮತ್ತು ನಾಳ ಒಂದೇ ಹಾದಿ, ಮೇಲೆ ಉರಿಯುತ್ತಿದ್ದರೆ ಕೆಳಗೆ ತಣಿಯುವುದಿಲ್ಲ.

ಸ್ಟೀರಾಯ್ಡ್ ಅಂದ ಕೂಡಲೇ ಇಬ್ಬರ ಮುಖವೂ ಇಳಿಯಿತು. ಪಂಪ್ ಹಚ್ಚಿಕೊಂಡರೆ ಜೀವನಪೂರ್ತಿ ಬಿಡುವುದಿಲ್ಲ ಅನ್ನುವ ಮಾತು ಇತ್ತು. ಅದಕ್ಕಿಂತ ದೊಡ್ಡ ಚಿಂತೆ ಮಗಳ ಮದುವೆಯದು. ಮನೆಗೆ ಬಂದ ಬೀಗರ ಕಡೆಯವರು ಪಂಪ್ ನೋಡಿದರೆ? ಇಷ್ಟು ವರ್ಷ ಅದನ್ನು ಅಕ್ಕಿ ಡಬ್ಬಿಯ ಹಿಂದೆ ಇಡುತ್ತಿದ್ದರಂತೆ. ಇದಕ್ಕೆ ಬುದ್ಧಿ ಹೇಳಿ ಪ್ರಯೋಜನವಿಲ್ಲ. ಇನ್ಹೇಲರ್‌ನ ಡೋಸು ಮೈಕ್ರೋಗ್ರಾಂ ಲೆಕ್ಕದಲ್ಲಿ, ಇಂಜೆಕ್ಷನ್ ಮತ್ತು ಗುಳಿಗೆಯಲ್ಲಿ ಇಷ್ಟು ವರ್ಷ ಹೋದದ್ದು ಮಿಲಿಗ್ರಾಂ ಲೆಕ್ಕದಲ್ಲಿ, ಸಾವಿರ ಮೈಕ್ರೋಗ್ರಾಂ ಸೇರಿದರೆ ಒಂದು ಮಿಲಿಗ್ರಾಂ ಎಂದು ಹೇಳಿದೆ. ಅದು ತಟ್ಟಿತು. ಬೆಳಗ್ಗೆ ಸಂಜೆ ಹಲ್ಲುಜ್ಜುವ ಮೊದಲು ಎಳೆದುಕೊಂಡು, ಆಮೇಲೆ ಬಾಯಿ ಮುಕ್ಕಳಿಸಿದರೆ ಯಾರ ಕಣ್ಣಿಗೂ ಬೀಳುವುದಿಲ್ಲ, ಬಾಯಿಹುಣ್ಣೂ ಆಗುವುದಿಲ್ಲ. ಇನ್ಹೇಲರ್‌ಗೆ ಸ್ಪೇಸರ್ ಎಂಬ ಟೊಳ್ಳು ಕೊಳವೆ ಹಚ್ಚಿ ಎಳೆಯುವುದನ್ನು ನಮ್ಮ ನರ್ಸ್ ಕಲಿಸಿದರು. ಮೊದಲು ಆಕೆ ಪಂಪ್ ಹೊಡೆಯುತ್ತಿದ್ದ ರೀತಿಯಲ್ಲಿ ಔಷಧಿ ಬಹುಪಾಲು ನಾಲಿಗೆಯ ಮೇಲೇ ಉಳಿಯುತ್ತಿತ್ತು.

ಇನ್ನು ಹಾಸಿಗೆ. ಬನಹಟ್ಟಿಯ ಬೇಸಿಗೆ ಒಣ, ನುಸಿಗೆ ಬೇಕಾದದ್ದು ತೇವ. ಹಾಗಾದರೆ ಅದು ಬದುಕಿದ್ದು ಹೇಗೆ? ಹಾಸಿಗೆಯೊಳಗೆ ನಮ್ಮ ಮೈಯ ಬೆವರೇ ಸಾಕು. ಮೇಲಾಗಿ ನೂಲು ಹರಿಯಬಾರದು ಅಂತ ಮಗ್ಗದ ಕೋಣೆಯಲ್ಲಿ ತೇವ ಇರಲಿ ಎಂದೇ ನೇಕಾರರು ಬಯಸುತ್ತಾರೆ. ಅದೇ ಕೋಣೆಗೆ ಹತ್ತಿದ ಪಡಸಾಲೆಯಲ್ಲಿ ಇವರು ಮಲಗುವುದು. ಹಾಸುವುದು ಹೊದೆಯುವುದು ಅತ್ತೆಯ ಕಾಲದ ಕೌದಿಗಳು, ಹಳೇ ಸೀರೆ ಧೋತರ ಪದರ ಪದರವಾಗಿ ಹೊಲಿದವು. ಒದ್ದೆಯಾದರೆ ಇಬ್ಬರು ಹಿಡಿದರೂ ಏಳುವುದಿಲ್ಲ, ಅದಕ್ಕೇ ವರ್ಷಕ್ಕೊಮ್ಮೆ ತೊಳೆಯುತ್ತಿದ್ದರು. ತವರಿನಲ್ಲೂ ಉಬ್ಬಸ ಯಾಕೆ ಬಿಡಲಿಲ್ಲ ಅನ್ನುವುದು ಈಗ ತಿಳಿಯಿತು. ಅಲ್ಲಿಯೂ ಕೌದಿ ಇತ್ತು, ಅವ್ವ ಕೈಯಿಂದ ಹೊಲಿದದ್ದು. ಅದನ್ನು ಬಿಡಿ ಅಂತ ನಾನು ಹೇಳಲಿಲ್ಲ. ಹೊದೆಯಲು ತೊಳೆಯಬಹುದಾದ ಹಗುರ ಚಾದರ, ಅದನ್ನು ಕುದಿನೀರಿನ ಹತ್ತಿರದ ಬಿಸಿಯಲ್ಲಿ ವಾರಕ್ಕೊಮ್ಮೆ ತೊಳೆಯುವುದು, ಕೌದಿಗಳನ್ನು ಮಾಳಗಿಯ ಬಿಸಿಲಿಗೆ ಹಾಕಿ ಕೊಡವುವ ಕೆಲಸ ಬೇರೆಯವರಿಗೆ, ಇಷ್ಟೇ ಕೇಳಿದ್ದು. 55 ಡಿಗ್ರಿ ದಾಟಿದರೆ ನುಸಿ ಸಾಯುತ್ತದೆ.

ಇದರ ಮೇಲೆ ಅತಿಯಾದ ಭರವಸೆ ಇಡಬಾರದು. ಹಾಸಿಗೆಗೆ ನುಸಿ ತಡೆಯುವ ಗವಸು ಹಾಕಿ ಬ್ರಿಟನ್‌ನಲ್ಲಿ ಸಾವಿರಕ್ಕೂ ಹೆಚ್ಚು ವಯಸ್ಕರಲ್ಲಿ ಪರೀಕ್ಷಿಸಿ 2003ರಲ್ಲಿ ಪ್ರಕಟಿಸಿದರು. ಗವಸಿನಿಂದ ಹೇಳಿಕೊಳ್ಳುವಂಥ ಲಾಭ ಆಗಲಿಲ್ಲ. ಚಾದರ ತೊಳೆಯುವುದು ಇನ್ಹೇಲರ್‌ಗೆ ಬದಲಿಯಲ್ಲ. ಇದನ್ನು ಎರಡೆರಡು ಸಲ ಹೇಳಿಯೇ ಕಳಿಸಿದೆ. ಯಾಕೆಂದರೆ ಮನೆಮಂದಿಗೆ ಕೌದಿ ತೊಳೆಯುವುದು ಸುಲಭ, ದಿನಾ ಔಷಧಿ ಎಳೆಯುವುದು ಕಷ್ಟ.

ಎಷ್ಟು ಮರಳಿತು

ಎರಡು ತಿಂಗಳಲ್ಲಿ ರಾತ್ರಿ ಏಳುವುದು ನಿಂತಿತು. ಊದುವ ಪರೀಕ್ಷೆಯಲ್ಲಿ ಪಂಪ್ ಕೊಟ್ಟ ನಂತರದ ಅಳತೆ 1.42ರಿಂದ 1.61 ಲೀಟರಿಗೆ ಏರಿತು. ಈ ಏರಿಕೆ ಬಾವು ಇಳಿದದ್ದರಿಂದ, ಕಫದ ಬೆಣೆಗಳು ಸಡಿಲಾದದ್ದರಿಂದ. ಆಕೆ ಮಾಳಗಿ ಹತ್ತಿದರು. ಒಂದು ವರ್ಷ ತಪ್ಪದೆ ಔಷಧಿ ತೆಗೆದುಕೊಂಡ ಮೇಲೆ 1.65. ಅಲ್ಲಿಗೆ ನಿಂತಿತು. ಬರಬೇಕಾದ 2.1ಕ್ಕೆ ಇನ್ನೂ 450 ಮಿಲಿಲೀಟರ್ ಬಾಕಿ.

"ಅದು ಹೋದದ್ದು ಹೋದಂಗರಿ?" ಗಂಡನ ಪ್ರಶ್ನೆ.

ಬಹುಮಟ್ಟಿಗೆ ಹೌದು ಅಂದೆ. ಪೂರ್ತಿ ಅಲ್ಲ. ಸ್ಟೀರಾಯ್ಡ್ ಇನ್ಹೇಲರ್ ಹೆಚ್ಚಿನ ಡೋಸಿನಲ್ಲಿ ವರ್ಷಪೂರ್ತಿ ತೆಗೆದುಕೊಂಡವರಲ್ಲಿ ಕೊಲಾಜನ್ ಪಟ್ಟಿ ಸ್ವಲ್ಪ ತೆಳುವಾದದ್ದನ್ನು ಸಂಶೋಧಕರು ಅಳೆದಿದ್ದಾರೆ. ಮೂರು ತಿಂಗಳಿಗೆ ಆ ಬದಲಾವಣೆ ಕಾಣಲಿಲ್ಲ, ಹನ್ನೆರಡು ತಿಂಗಳಿಗೆ ಕಂಡಿತು. ಹೊಸ ರಕ್ತನಾಳಗಳು, ಲೋಳೆ ಕೋಶಗಳು ಔಷಧಿಗೆ ಚೆನ್ನಾಗಿಯೇ ಮಣಿಯುತ್ತವೆ. ಹಟಮಾರಿ ಅಂದರೆ ಸ್ನಾಯು. ಬ್ರಾಂಕೋಸ್ಕೋಪಿಯ ಮೂಲಕ, ಅಂದರೆ ಶ್ವಾಸನಾಳದೊಳಗೆ ಕೊಳವೆ ಇಳಿಸಿ, ಶಾಖ ಕೊಟ್ಟು ಅದನ್ನು ಕಡಿಮೆ ಮಾಡುವ ಥರ್ಮೋಪ್ಲಾಸ್ಟಿಗೆ ಅಮೆರಿಕದಲ್ಲಿ 2010ರಲ್ಲಿ ಅನುಮತಿ ಸಿಕ್ಕಿತ್ತು. ಐಜಿಇ, ಐಎಲ್-5, ಟಿಎಸ್‌ಎಲ್‌ಪಿಗಳನ್ನು ತಡೆಯುವ ಇಂಜೆಕ್ಷನ್‌ಗಳೂ ಇವೆ. ಎರಡು ಮಗ್ಗದ ಮನೆಗೆ ಅವುಗಳ ಬೆಲೆ ಎಟುಕದು. ಮೇಲಾಗಿ ಇನ್ಹೇಲರ್‌ನಿಂದಲೇ ದಾಳಿಗಳು ನಿಂತ ಈಕೆಗೆ ಅವು ಬೇಕಾಗಿಯೂ ಇಲ್ಲ.

ಗೋಡೆ ಬದಲಾಗುವ ಮೊದಲೇ ಚಿಕಿತ್ಸೆ ಹಿಡಿದಿದ್ದರೆ ಈ 450 ಉಳಿಯುತ್ತಿತ್ತೇ? ಹೌದು ಅಂದುಬಿಡುವುದು ಸುಲಭ. ಆದರೆ 2000ದಲ್ಲಿ ಅಮೆರಿಕದಿಂದ ಬಂದ ದೊಡ್ಡ ಅಧ್ಯಯನವೊಂದರಲ್ಲಿ, 5ರಿಂದ 12 ವರ್ಷದ ಸಾವಿರ ಮಕ್ಕಳಲ್ಲಿ ಒಂದು ಗುಂಪಿಗೆ ನಾಲ್ಕರಿಂದ ಆರು ವರ್ಷ ಬುಡೆಸೊನೈಡ್ ಕೊಟ್ಟು ನೋಡಿದಾಗ, ದಾಳಿಗಳೂ ಆಸ್ಪತ್ರೆ ಸೇರುವುದೂ ಕಡಿಮೆಯಾದವು, ಶ್ವಾಸಕೋಶದ ಬೆಳವಣಿಗೆ ಮಾತ್ರ ಔಷಧಿ ಇಲ್ಲದವರಷ್ಟೇ ಇತ್ತು. ಪುಟ್ಟ ಮಕ್ಕಳ ನಾಳದಲ್ಲೇ ಕೊಲಾಜನ್ ಪಟ್ಟಿ ದಪ್ಪವಾಗಿರುವುದು ಬೇರೆ ಕಡೆ ಕಂಡಿದೆ. ಬಾವು ಮೊದಲು, ಗೋಡೆ ಆಮೇಲೆ ಅನ್ನುವ ಕ್ರಮ ಅಷ್ಟು ನೇರವಾಗಿಲ್ಲ, ಎರಡೂ ಜೊತೆಜೊತೆಗೇ ಸಾಗುವ ಹಾಗಿದೆ. ಹಾಗಾಗಿ ನಾನು ಆ ಮನೆಯವರಿಗೆ ಹೇಳಿದ್ದು ಇಷ್ಟು: ತೀವ್ರ ದಾಳಿ ತಪ್ಪಿಸಿದರೆ ಮುಂದಿನ ಇಳಿತ ನಿಧಾನವಾಗುತ್ತದೆ, ಹಿಂದಿನ ಲೆಕ್ಕ ತೆಗೆದು ಯಾರನ್ನೂ ಬೈಯುವುದು ಬೇಡ.

ಚಳಿಗಾಲದಲ್ಲಿ ಡೋಸು ಅರ್ಧಕ್ಕೆ ಇಳಿಸಿ ನೋಡಿದೆವು. ಆರು ವಾರದೊಳಗೆ ಬೆಳಗಿನ ಪೀಕ್ ಫ್ಲೋ, ಅಂದರೆ ಮನೆಯಲ್ಲೇ ಸಣ್ಣ ಮೀಟರಿಗೆ ಊದಿ ನೋಡುವ ಗಾಳಿಯ ವೇಗ, ಇಳಿಯತೊಡಗಿತು. ಆಕೆಗೆ ಏನೂ ಅನಿಸಿರಲಿಲ್ಲ, ಮೀಟರ್ ಹೇಳಿತು ಅಷ್ಟೇ. ಮತ್ತೆ ಏರಿಸಿದೆವು. ಇನ್ನು ಮಳೆಗಾಲ ದಾಟುವವರೆಗೆ ಕೈ ಹಚ್ಚುವುದಿಲ್ಲ.

ಆ ಸಲ ಮಗಳನ್ನೂ ಕರೆತಂದಿದ್ದರು, ಪಿಯುಸಿ ಓದುವ ಹುಡುಗಿ. ಬೆಳಗಿನ ಸೀನು ಅವಳಿಗೂ ಇದೆ. ಓಡಿದರೆ ಕೆಮ್ಮು ಬರುತ್ತದೆ, ಉಬ್ಬಸ ಇಲ್ಲ. ಊದಿಸಿದೆವು, ಅಳತೆ ಪೂರ್ತಿ ಬಂತು. ಓಡಿಸಿ ಮತ್ತೆ ಊದಿಸಿದಾಗ ಸ್ವಲ್ಪ ಇಳಿಯಿತು, ಅಸ್ತಮಾ ಎಂದು ಕರೆಯುವಷ್ಟಲ್ಲ. ಮೂಗಿನ ಸ್ಪ್ರೇ ಬರೆದೆ. ಕೆಮ್ಮು ರಾತ್ರಿ ಎಬ್ಬಿಸುವಂತಾದರೆ ಕಾಯದೆ ಬರಬೇಕು, ಅಂಗಡಿಯಲ್ಲಿ ನೀಲಿ ಪಂಪ್ ಕೊಳ್ಳಬಾರದು ಎಂದು ಚೀಟಿಯ ಮೇಲೆ ದೊಡ್ಡದಾಗಿ ಬರೆದೆ. "ನನ್ ಹಳೇ ಪಂಪ್ ಮನ್ಯಾಗ ಐತ್ರಿ, ಅದನ್ನೂ ಒಗದ ಬಿಡ್ಲೇನ್ರಿ?" ಅಂತ ತಾಯಿ ಕೇಳಿದರು. ಒಗೆಯಿರಿ ಅಂದೆ.